ಕಣ್ಣು ಮುಚ್ಚಿದರೆ ಮಾರ್ಕ್ಸೇ ಕಾಣುತ್ತಿತ್ತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಮಾಲೋಚನೆಗೆ ಬಂದವಳು ದ್ವಿತೀಯ ಪಿಯುಸಿಯ ಹುಡುಗಿ, ವಯಸ್ಸು 17. ಎರಡು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ಸೇರದು, ಇಷ್ಟಪಟ್ಟು ಹಾಕುತ್ತಿದ್ದ ರಂಗೋಲಿಯನ್ನೂ ಬಿಟ್ಟಿದ್ದಳು. "ಆ್ಯಪ್ ಹಾಕಿಕೊಟ್ಟು ದಿನಾ ಇಪ್ಪತ್ತು ನಿಮಿಷ ಧ್ಯಾನಕ್ಕೆ ಕೂರಿಸ್ತಿದೀನಿ ಮೇಡಂ, ಆದ್ರೂ ಮಂಕಾಗ್ತಾನೇ ಇದಾಳೆ" ಎಂದರು ತಾಯಿ.

ತಾಯಿಯನ್ನು ಹೊರಗೆ ಕೂರಿಸಿ ಕೇಳಿದಾಗ ಹುಡುಗಿ ಬಾಯಿಬಿಟ್ಟಳು: "ಕಣ್ಣು ಮುಚ್ಚಿದ್ರೆ ಪ್ರಿಪರೇಟರಿ ಮಾರ್ಕ್ಸು, ಅಪ್ಪ ಕಟ್ಟಿದ ಫೀಸು, ಇವೇ ಸುತ್ತುತ್ವೆ. ಉಸಿರು ಗಮನಿಸೋಕೂ ನಂಗೆ ಬರಲ್ಲ."

ಖಿನ್ನತೆಯಲ್ಲಿ ಮನಸ್ಸು ಒಂದೇ ನೋವನ್ನು ಮೆಲುಕು ಹಾಕುತ್ತದೆ. ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ಕೂತರೆ ಆ ಮೆಲುಕಿಗೇ ಇನ್ನಷ್ಟು ಅವಕಾಶ ಸಿಗುತ್ತದೆ. ಕೊನೆಗೆ 'ಧ್ಯಾನವೂ ಕೈಲಾಗಲಿಲ್ಲ' ಎಂಬ ಇನ್ನೊಂದು ಸೋಲು. ಉಸಿರನ್ನೋ ಈ ಕ್ಷಣವನ್ನೋ ಸುಮ್ಮನೆ ಗಮನಿಸುವ ಇಂಥ ಧ್ಯಾನಕ್ಕೆ ಮೈಂಡ್‌ಫುಲ್‌ನೆಸ್ ಎನ್ನುತ್ತಾರೆ. ಅದರ ಎಂಟು ವಾರಗಳ ಚಿಕಿತ್ಸೆ ಮೂಲತಃ ರೂಪುಗೊಂಡದ್ದು, ಖಿನ್ನತೆಯಿಂದ ಚೇತರಿಸಿಕೊಂಡ ವಯಸ್ಕರಿಗೆ ಅದು ಮರುಕಳಿಸದಿರಲೆಂದು. ಬ್ರಿಟನ್ನಿನ ಎಂಟು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಮಿರಿಯಡ್ ಅಧ್ಯಯನದಲ್ಲೂ, ಇಡೀ ತರಗತಿಗೆ ಕಲಿಸಿದ ಮೈಂಡ್‌ಫುಲ್‌ನೆಸ್‌ನಿಂದ ಖಿನ್ನತೆ ತಗ್ಗಲಿಲ್ಲ. ಇದನ್ನೇ ಮೊದಲ ಮದ್ದೆಂದು ಕೊಡಬಾರದು.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಲಾಯಿತು. ಕೇಳಿದರೆ ಇಲ್ಲದ ಯೋಚನೆ ಬಂದೀತು ಎಂಬ ಭಯಕ್ಕೆ ಆಧಾರವಿಲ್ಲ. "ಬೆಳಿಗ್ಗೆ ಏಳದೇ ಹೋದ್ರೆ ಚೆನ್ನಾಗಿತ್ತು ಅನ್ಸುತ್ತೆ" ಎಂದಳು, ಯೋಜನೆಯೇನೂ ಇರಲಿಲ್ಲ. ಪೋಷಕರಿಗೆ ತಿಳಿಸಲೇಬೇಕೆಂದು ಅವಳಿಗೆ ಹೇಳಿಯೇ ತಿಳಿಸಲಾಯಿತು. ಮನೆಯ ಮಾತ್ರೆ, ಕೀಟನಾಶಕಗಳಿಗೆ ಬೀಗ. ಅದೇ ವಾರ ಮನೋವೈದ್ಯರ ಭೇಟಿ, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆ ಅವಳ ಫೋನಿನಲ್ಲಿ.

ಆ್ಯಪ್ ನಿಲ್ಲಿಸಿ ಕೊಟ್ಟ ಅಭ್ಯಾಸ ಬರೀ ಮೂರು ನಿಮಿಷದ್ದು. ಕಣ್ಣು ತೆರೆದೇ ಇರಲಿ. ಮೊದಲು ಅಂಗಾಲಿಗೆ ತಾಕುವ ನೆಲದ ತಂಪು, ಆಮೇಲೆ ಕಿವಿಗೆ ಬೀಳುವ ಮೂರು ಸದ್ದು. ಯೋಚನೆ ನುಗ್ಗಿದರೆ 'ಮಾರ್ಕ್ಸ್ ಯೋಚನೆ ಬಂತು' ಎಂದುಕೊಂಡು ಮತ್ತೆ ಅಂಗಾಲಿಗೆ. ಸಂಕಟ ಏರಿದರೆ ಎದ್ದುಬಿಡುವುದು.

ಜೊತೆಗೆ ಬೆಳಿಗ್ಗೆ ಐದು ಚುಕ್ಕಿ, ಐದು ಸಾಲಿನ ರಂಗೋಲಿ, ಮನಸ್ಸಿಲ್ಲದಿದ್ದರೂ. ದೊಡ್ಡದು ಬೇಡ, ಅರ್ಧಕ್ಕೆ ನಿಂತರೆ ಅದೂ ಸೋಲಿನ ಲೆಕ್ಕಕ್ಕೆ ಸೇರುತ್ತದೆ. ಹೆಬ್ಬೆರಳು, ತೋರುಬೆರಳ ನಡುವೆ ಪುಡಿ ಜಾರುವುದನ್ನಷ್ಟೇ ಗಮನಿಸಬೇಕು. ಖಿನ್ನತೆಯಲ್ಲಿ ಹುಮ್ಮಸ್ಸು ಬರಲಿ ಎಂದು ಕಾದು ಕೂತರೆ ಅದು ಬರುವುದೇ ಇಲ್ಲ, ಕೈ ಆಡಿದ ಮೇಲೆ ನಿಧಾನಕ್ಕೆ ಬರುತ್ತದೆ.

ತಾಯಿಗೆ ಹೇಳಿದ್ದು: "'ಧ್ಯಾನ ಮಾಡಿದ್ಯಾ' ಅಂತ ಕೇಳಬೇಡಿ ಅಮ್ಮ. ಅಂಗಳದಲ್ಲಿ ಅವಳ ಪಕ್ಕ ಸುಮ್ಮನೆ ಕೂತ್ಕೊಳ್ಳಿ. ಮಾರ್ಕ್ಸ್ ಮಾತು ಅಲ್ಲಿ ಬೇಡ."

ಐದನೆಯ ವಾರದ ಹೊತ್ತಿಗೆ ಬೆಳಗಿನ ಐದರವರೆಗೆ ನಿದ್ದೆ ಬರತೊಡಗಿತು. ಮನೋವೈದ್ಯರ ಚಿಕಿತ್ಸೆ ಮುಂದುವರಿದಿದೆ. ಕಣ್ಣು ಮುಚ್ಚಿ ಉಸಿರು ಗಮನಿಸುವುದನ್ನು ಇನ್ನೂ ಶುರು ಮಾಡಿಸಿಲ್ಲ.