ಎಡಗೈಯಿಂದ ಬರೆಯುವ ಅಗತ್ಯವಿಲ್ಲ

ನಮಸ್ಕಾರ. ಮನೆ, ಹುಡುಗಿ, ಬೀಗದಕೈ ಕಚ್ಚಿಕೊಂಡ ಹಕ್ಕಿ ಇರುವ ನಿಮ್ಮ ಚಿತ್ರವನ್ನು ನೋಡಿದೆ. ಮಕ್ಕಳ ಚಿತ್ರದಂತೆ ಬರೆಯಲು ಹೋದರೆ ಕೃತಕವಾಗಿ ಕಾಣುತ್ತದೆ, ಎಡಗೈಯಿಂದ ಬರೆದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಗೆರೆ ನಡುಗಿದ ಮಾತ್ರಕ್ಕೆ ಅದು ಮಗುವಿನ ಗೆರೆಯಾಗುವುದಿಲ್ಲ. ಮಕ್ಕಳು ಅಳುಕಿಲ್ಲದೆ ಗೆರೆ ಎಳೆಯುತ್ತಾರೆ, ತಮಗೆ ಮುಖ್ಯವೆನಿಸಿದ್ದನ್ನು ದೊಡ್ಡದಾಗಿ ಬರೆದು ಉಳಿದುದನ್ನು ಬಿಟ್ಟೇಬಿಡುತ್ತಾರೆ. ನಿಮ್ಮ ಚಿತ್ರದಲ್ಲಿ ಆಗದೆ ಉಳಿದಿರುವುದು ಈ ಬಿಡುವ ಕೆಲಸ.

ಇದನ್ನು ಕಲಿಯಲು ಜಪಾನಿನ ಯೋಶಿತೊಮೊ ನಾರಾ ಅವರ ಚಿತ್ರಗಳನ್ನು ನಿಧಾನವಾಗಿ ನೋಡಿ. 1959ರಲ್ಲಿ ಹಿರೊಸಾಕಿಯಲ್ಲಿ ಹುಟ್ಟಿದ ಅವರು 1988ರಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫ್ ಕಲಾ ಅಕಾಡೆಮಿಗೆ ಸೇರಿ, ಕಡ್ಡಿಯಂಥ ಮನುಷ್ಯರನ್ನೂ ಚಿಹ್ನೆಗಳನ್ನೂ ಬರೆಯುತ್ತಿದ್ದ ಎ. ಆರ್. ಪೆಂಕ್ ಅವರ ಬಳಿ ಕಲಿತರು. ಕಾಗದದ ಮೇಲೆ ಬರೆಯುವ ಸಲುಗೆಯನ್ನೇ ಕ್ಯಾನ್ವಾಸಿಗೂ ತರುವಂತೆ ಪೆಂಕ್ ಅವರು ನಾರಾ ಅವರನ್ನು ಹುರಿದುಂಬಿಸಿದರು. ಮುಂದೆ ನಾರಾ ಅವರ ಚಿತ್ರಗಳಲ್ಲಿ ಹಿನ್ನೆಲೆಯ ವಿವರಗಳು ಕರಗಿ, ದೊಡ್ಡ ತಲೆಯ ಹುಡುಗಿಯೊಬ್ಬಳೇ ಬರಿದಾದ ಬಣ್ಣದ ಮುಂದೆ ನಿಂತಳು. 2000ದ 'ಬೆನ್ನ ಹಿಂದೆ ಚಾಕು' ಎಂಬರ್ಥದ ಹೆಸರಿನ ಚಿತ್ರದಲ್ಲಂತೂ ಚಾಕುವೇ ಕಾಣಿಸುವುದಿಲ್ಲ; ಹಿಂದಕ್ಕೆ ಮರೆಯಾದ ಒಂದು ಕೈ ಮತ್ತು ಆ ಓರೆನೋಟ ಅಷ್ಟನ್ನೂ ಹೇಳುತ್ತವೆ. ನನ್ನನ್ನು ಇಂದಿಗೂ ಅಲ್ಲಾಡಿಸುವ ಚಿತ್ರವದು.

ನಿಮ್ಮಲ್ಲಾದರೋ ಬೀಗದಕೈ, ಅಳುವ ಸೂರ್ಯ, ಬೀಗ ಹಾಕಿದ ಕಿಟಕಿ ಮೂರೂ ಒಂದೇ ಮಾತನ್ನು ಹೇಳುತ್ತಿವೆ. ಬೀಗದಕೈಯನ್ನು ಉಳಿಸಿಕೊಂಡು ಮಿಕ್ಕ ಎರಡನ್ನು ತೆಗೆಯಿರಿ. ಹುಡುಗಿಯ ಕೆನ್ನೆಗೆ ನೆರಳು ಬೆಳಕು ಕೊಟ್ಟು ಮನೆಯನ್ನು ಮಾತ್ರ ಚಪ್ಪಟೆಯಾಗಿ ಬರೆದಿರುವುದರಿಂದ ಎರಡು ಕಣ್ಣುಗಳು ನೋಡಿದ ಎರಡು ಚಿತ್ರಗಳು ಒಂದೆಡೆ ಸೇರಿದಂತಾಗಿದೆ. ಕೆನ್ನೆಯನ್ನೂ ಒಂದೇ ಬಣ್ಣಕ್ಕೆ ತನ್ನಿ.

ಸರಳವಾಗಿ ಕಾಣುವುದೆಲ್ಲ ಬೇಗ ಮುಗಿಯುವ ಕೆಲಸವೆಂದು ತಿಳಿಯಬೇಡಿ. 2011ರ ಭೂಕಂಪದ ನಂತರ ಕೆಲಕಾಲ ಕುಂಚ ಹಿಡಿಯಲಾಗದೆ ಜೇಡಿಮಣ್ಣಿನಲ್ಲಿ ಕೆಲಸ ಮಾಡಿದ ನಾರಾ, ಆಮೇಲಿನ ಮುಖಗಳನ್ನು ತೆಳುವಾದ ಅಕ್ರಿಲಿಕ್ ಬಣ್ಣವನ್ನು ಪದರದ ಮೇಲೆ ಪದರವಾಗಿ ಹಚ್ಚಿ ಮೂಡಿಸಿದರು. ನೀವೂ ಹಿನ್ನೆಲೆಗೆ ಬಿಳಿಯನ್ನು ಹಾಗೆಯೇ ಬಿಡದೆ, ನೀರು ಬೆರೆಸಿದ ಬಣ್ಣವನ್ನು ನಾಲ್ಕೈದು ಸಲ, ಪ್ರತಿ ಪದರವೂ ಒಣಗಿದ ಮೇಲೆ ಹಚ್ಚಿ ನೋಡಿ.

ಕ್ಯಾನ್ವಾಸಿಗೆ ಹೋಗುವ ಮೊದಲು, ನಾರಾ ಮಾಡುವಂತೆ, ಹಳೆಯ ಲಕೋಟೆಗಳ ಮೇಲೆ ಅದೇ ಹುಡುಗಿಯನ್ನು ಅಳಿಸದೆ ಇಪ್ಪತ್ತು ಸಲವಾದರೂ ಬರೆಯಿರಿ. ಆ ಲಕೋಟೆಗಳ ಫೋಟೊಗಳನ್ನೂ ಇಲ್ಲಿ ಹಾಕಿದರೆ, ಯಾವ ಗೆರೆ ತಾನಾಗಿ ಬಂದಿದೆ ಎಂಬುದನ್ನು ಒಟ್ಟಿಗೆ ನೋಡಬಹುದು.