ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಕ್ರೈಸ್ತರ ಉಪವಾಸದ ದಿನಗಳಲ್ಲಿ) ಮಾಂಸ ಬಿಟ್ಟರೂ ತೂಕ ಯಾಕೆ ಇಳಿಯುವುದಿಲ್ಲ?

ಮಾಂಸ ಬಿಟ್ಟ ಜಾಗಕ್ಕೆ ಎಣ್ಣೆ, ಬೆಲ್ಲ ಬಂದು ಕೂರುವುದರಿಂದ. ಒಂದು ದೊಡ್ಡ ಚಮಚ (15 ಮಿ.ಲೀ.) ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇದೆ, ಪೂರಿ, ಬಜ್ಜಿ ಅದನ್ನು ಹೀರಿಕೊಂಡೇ ಬಾಣಲೆಯಿಂದ ಏಳುತ್ತವೆ. ಪ್ರೋಟೀನ್ ಕಡಿಮೆಯಾದರೆ ಹಸಿವೂ ಬೇಗ ಮರಳುತ್ತದೆ.

ಮಂಡ್ಯದ ಅಡುಗೆಯಲ್ಲೇ ದಾರಿಯಿದೆ: ಎರಡು ದೊಡ್ಡ ಮುದ್ದೆಯ ಬದಲು ಮುಷ್ಟಿಗಾತ್ರದ್ದು ಒಂದು, ಜೊತೆಗೆ ಹುರುಳಿಕಾಳಿನ ಬಸ್ಸಾರು. ಬಸಿದ ಕಾಳು, ಸೊಪ್ಪಿನ ಪಲ್ಯ ತಟ್ಟೆಯ ಅರ್ಧ ತುಂಬಲಿ. ಪಲ್ಯ ಬಿಟ್ಟು ಬರೀ ಸಾರಲ್ಲಿ ಮುದ್ದೆ ನುಂಗಿದರೆ ಸಂಜೆ ನಾಲ್ಕಕ್ಕೇ ಕುರುಕು ತಿಂಡಿಯ ಡಬ್ಬಕ್ಕೆ ಕೈ ಹೋಗುತ್ತದೆ.

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ, ಶುಭ ಶುಕ್ರವಾರ (ಗುಡ್ ಫ್ರೈಡೆ) ಕಥೋಲಿಕ ಸಭೆ 18ರಿಂದ 59 ವಯಸ್ಸಿನವರಿಂದ ಕೇಳುವುದು ಅಳತೆಯನ್ನೇ: ಒಂದು ಪೂರ್ಣ ಊಟ, ಉಳಿದೆರಡು ಸೇರಿದರೂ ಅಷ್ಟಾಗದಂತೆ. ದೇಹ ಪವಿತ್ರಾತ್ಮರ ಆಲಯವೆಂದು ನಂಬುವವರಿಗೆ ಈ ಅಳತೆ ವರ್ಷವಿಡೀ ಹೊಂದುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟ ಬಿಡಬಾರದು.