ಬಿಕ್ಕೆ ಗಿಡದ ಹವಾಯಿ ನೆಂಟ

ಪ್ರಶ್ನೆ: ಮಗಳು ಹವಾಯಿಯ ಹೊನೊಲುಲುವಿನಲ್ಲಿದ್ದಾಳೆ. ಅವಳ ಪಕ್ಕದ ಮನೆಯಲ್ಲಿ ‘ನಾನೂ’ ಅನ್ನುವ ಮರ ಇದೆಯಂತೆ. ಮೈತುಂಬ ಬಿಳಿ ಹೂ, ಕಿಟಕಿ ತೆಗೆದರೆ ಘಮಘಮ. ಊರಿಗೆ ಬರುವಾಗ ಬೀಜ ತರಲು ಹೇಳಲೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಹೆಸರು ಓದಿ ನಕ್ಕುಬಿಟ್ಟೆ. ‘ಗಾರ್ಡೀನಿಯಾ ಕುಲದವರು ಯಾರ್ಯಾರು?’ ಅಂತ ಕೇಳಿದರೆ ನಮ್ಮ ಬಿಕ್ಕೆ ಗಿಡ ಕೈ ಎತ್ತುತ್ತದೆ. ಹಿಂದೆಯೇ ಈ ಹವಾಯಿ ಮರ ‘ನಾನೂ’ ಅನ್ನುತ್ತದೆ!

ಹೌದು, ಎರಡೂ ಒಂದೇ ಕುಲ. ಚಿಕ್ಕಂದಿನಲ್ಲಿ ನಮ್ಮೂರ ಗುಡ್ಡದಲ್ಲಿ ಬಿಕ್ಕೆ ಮೊಗ್ಗು ಮುಟ್ಟಿ ಬೆರಳೆಲ್ಲ ಅಂಟು ಮಾಡಿಕೊಂಡು, ಚಡ್ಡಿಗೆ ಒರೆಸಿ ಅಮ್ಮನಿಂದ ಬೈಸಿಕೊಂಡಿದ್ದೇನೆ. ‘ನಾನೂ’ ಮರದ ಎಳೆ ಮೊಗ್ಗಿನಲ್ಲೂ ಅಂಥದ್ದೇ ಅಂಟು. ಎಲೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಹವಾಯಿಯ ಜನ ಇದರ ಹೂವನ್ನು ಹಾರಕ್ಕೆ ಪೋಣಿಸುತ್ತಿದ್ದರು. ಹಣ್ಣಿನ ತಿರುಳಿನಿಂದ ಹಳದಿ ಬಣ್ಣ ತೆಗೆದು ನಾರುಬಟ್ಟೆಗೆ ಹಾಕುತ್ತಿದ್ದರು.

ಅಂಗಳಗಳಲ್ಲಿ ಬೆಳೆಸುತ್ತಾರೆ, ನಿಜ. ಆದರೆ ಕಾಡಿನಲ್ಲಿ ಉಳಿದದ್ದು ಇಪ್ಪತ್ತು ಮರವೂ ಇಲ್ಲ. ಅವೂ ಹೆಚ್ಚಾಗಿ ಲಾನಾಯಿ ಅನ್ನುವ ಪುಟ್ಟ ದ್ವೀಪದಲ್ಲಿ. ಒಣ ಕಾಡು ಕಡಿದರು, ಹೊರಗಿನ ಹುಲ್ಲು ಬಂದು ಸಸಿಗಳ ಉಸಿರು ಕಟ್ಟಿಸಿತು. ಇನ್ನೊಬ್ಬ ಅಪರಾಧಿ ಯಾರು ಗೊತ್ತಾ? ಬಂಡೀಪುರದಲ್ಲಿ ನಾವು ಜೀಪು ನಿಲ್ಲಿಸಿ ನೋಡುವ ಅದೇ ಚುಕ್ಕೆ ಜಿಂಕೆ! 1860ರ ದಶಕದಲ್ಲಿ ಹಾಂಗ್‌ಕಾಂಗ್‌ನಿಂದ ಹವಾಯಿಯ ರಾಜನಿಗೆ ಉಡುಗೊರೆಯಾಗಿ ಬಂದವು. 1920ರಲ್ಲಿ ಲಾನಾಯಿಗೂ ಬಿಟ್ಟರು. ಇಲ್ಲಾದರೆ ಹುಲಿ, ಸೀಳುನಾಯಿ ಲೆಕ್ಕ ಸರಿ ಮಾಡುತ್ತವೆ. ಅಲ್ಲಿ ಕೇಳುವವರೇ ಇಲ್ಲ, ಚಿಗುರೆಲ್ಲ ಸ್ವಾಹಾ. ಪಾಪ, ಜಿಂಕೆಯನ್ನು ಬೈದೇನು ಮಾಡೋಣ, ತಂದವರು ನಾವು ಮನುಷ್ಯರೇ ಅಲ್ವಾ?

ಅಮೆರಿಕ ಸರ್ಕಾರ 1985ರಲ್ಲೇ ಇದನ್ನು ಅಳಿವಿನಂಚಿನ ಗಿಡಗಳ ಪಟ್ಟಿಗೆ ಸೇರಿಸಿದೆ. ಪರವಾನಗಿ ಇಲ್ಲದೆ ದೇಶದಿಂದ ಹೊರಗೆ ತರುವ ಹಾಗಿಲ್ಲ. ಸೂಟ್‌ಕೇಸಿನ ಸೀರೆ ಮಡಿಕೆಯಲ್ಲಿ ನಾಲ್ಕು ಬೀಜ ತಾನೇ ಅನ್ನಬೇಡಿ. ಮಗಳು ವಿಮಾನ ನಿಲ್ದಾಣದಲ್ಲಿ ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತಾಳೆ. ಮೊಗ್ಗಿನ ಫೋಟೊ ಕಳಿಸಲಿ, ಸಾಕು.

ಪರಿಮಳವೇ ಬೇಕು ಅಂದರೆ ಬಿಕ್ಕೆ ಹಾಕಿ. ಕಲ್ಲುನೆಲಕ್ಕೂ ಹೆದರದ ಗಿಡ, ನೀರು ಜಾಸ್ತಿ ಕೇಳುವುದಿಲ್ಲ. ಹಣ್ಣಾದ ಕಾಯಿಯ ಬೀಜ ತೊಳೆದು ಬಿತ್ತಿ, ಮಳೆ ಹಿಡಿದ ಮೇಲೆ ಸಸಿ ನೆಡಿ. ಬೆಳೆಯುವುದು ನಿಧಾನ, ಅವಸರ ಬೇಡ. ಹೂ ಅರಳಿದಾಗ ಬಿಳಿ, ಆಮೇಲೆ ಹಳದಿ. ಆಗ ‘ಗಿಡಕ್ಕೆ ರೋಗ ಬಂತು’ ಅಂತ ಇನ್ನೊಂದು ಪತ್ರ ಬರೆಯಬೇಡಿ.